ತಿರುಗಿ ಕೊಟ್ಟ ಚಾಕು

ಮರದ ಚಾಕು ಪಕ್ಕೆಲುಬಿಗೆ ಬಡಿದ ರಭಸಕ್ಕೆ ಇನ್ಸ್‌ಪೆಕ್ಟರಮ್ಮನ ಉಸಿರು ಅರ್ಧದಲ್ಲೇ ಸಿಕ್ಕಿಕೊಂಡಿತು.

“ಸತ್ತೋದ್ರಿ,” ಅಂದರು ಮಾಸ್ಟರು, ಬಸ್ಸು ಹೋಯಿತು ಎಂದು ಹೇಳುವಷ್ಟೇ ತಣ್ಣಗೆ. “ಚಾಕು ನೋಡ್ಬೇಡಿ ಮೇಡಂ, ನನ್ನ ಭುಜ ನೋಡಿ. ಚಾಕು ಸುಳ್ಳು ಹೇಳುತ್ತೆ, ಭುಜ ಹೇಳಲ್ಲ.”

ಅವಳು ಪಕ್ಕೆ ನೀವಿಕೊಳ್ಳುತ್ತ ಎದ್ದು ನಿಂತಳು. ಠಾಣೆಯಲ್ಲಿ ಅವಳಿಗೆ ಗರಗಸ ಅಂತ ಹೆಸರು. ಎದುರಿಗೆ ಹೇಳುವ ಧೈರ್ಯ ಯಾರಿಗೂ ಇಲ್ಲ, ಬೆನ್ನ ಹಿಂದೆ ಹೇಳದವರೂ ಯಾರೂ ಇಲ್ಲ. ಒಂದೇ ಪ್ರಶ್ನೆಯನ್ನು ಹಿಂದಕ್ಕೂ ಮುಂದಕ್ಕೂ ಎಳೆದೆಳೆದು ಎದುರಿಗಿದ್ದವನನ್ನು ಎರಡು ತುಂಡು ಮಾಡುವವಳಿಗೆ ಬೇರೆ ಯಾವ ಹೆಸರು ತಾನೇ ಒಪ್ಪೀತು? ಆದರೆ ಈ ಹೊತ್ತು ಗರಗಸಕ್ಕೇ ಹಲ್ಲು ಮುರಿಯುವ ಹಾಗಾಗಿತ್ತು.

ಟೈರ್ ಅಂಗಡಿಯ ಮೇಲಿನ ಹಾಲು ಅದು. ನೆಲದ ತುಂಬ ಹಳೆಯ ಚಾಪೆ, ಗೋಡೆಗೆ ಸಾಲಾಗಿ ಮೊಳೆ, ಮೊಳೆಗೆ ಮರದ ಚಾಕುಗಳು. ಕೆಳಗಿಂದ ರಬ್ಬರಿನ ವಾಸನೆ, ಮೇಲಿಂದ ಮಧ್ಯಾಹ್ನದ ಶೀಟಿನ ಕಾವು. ಇಲ್ಲಿ ಮಾಸ್ಟರು ಊರಿನ ಹೆಂಗಸರಿಗೂ ಗಂಡಸರಿಗೂ ಚಾಕುವಿನಿಂದ ಜೀವ ಉಳಿಸಿಕೊಳ್ಳುವ ವಿದ್ಯೆ ಹೇಳಿಕೊಡುತ್ತಿದ್ದರು.

ಅವರ ಶಿಷ್ಯೆಯರಲ್ಲೆಲ್ಲ ಚುರುಕಾದವಳೇ ಮೊನ್ನೆ ಸಂಜೆ ಅಂಗಡಿಯಿಂದ ಮನೆಗೆ ಹೋಗುವ ಓಣಿಯಲ್ಲಿ ಹೆಣವಾಗಿ ಬಿದ್ದಿದ್ದಳು. ಬಟ್ಟೆ ಇಸ್ತ್ರಿ ಮಾಡುವ ಅಂಗಡಿಯವಳು, ಎಲ್ಲರಿಗೂ ಇಸ್ತ್ರಿ ಅಕ್ಕ. ಅವಳ ಎದೆಗೂಡಿಗೆ ಚಾಕು ಮೂರು ಸಲ ಇಳಿದಿತ್ತು, ಮೂರನೆಯ ಸಲ ಎಲುಬಿನ ನಡುವೆ ಸಿಕ್ಕಿ ಅಲ್ಲೇ ಉಳಿದಿತ್ತು. ಕೊಂದವಳು ಒಡಹುಟ್ಟಿದ ತಂಗಿಯೇ ಎಂದು ಠಾಣೆಯ ಸಾಹೇಬರು ತೀರ್ಮಾನಿಸಿ, ತಂಗಿಯನ್ನು ಲಾಕಪ್ಪಿನಲ್ಲಿ ಕೂಡಿಸಿದ್ದರು. ಜೈಲಿನ ವ್ಯಾನು ಇವತ್ತು ಬರುವುದಿತ್ತು.

ಒಮ್ಮೆ ಜೈಲಿಗೆ ಹೋದಳೆಂದರೆ ಆ ಹುಡುಗಿ ಹೊರಗೆ ಬರುವಷ್ಟರಲ್ಲಿ ತಲೆ ನರೆತಿರುತ್ತದೆ. ಅದು ಗರಗಸಕ್ಕೆ ಚೆನ್ನಾಗಿ ಗೊತ್ತಿತ್ತು.

ಅವಳು ಜೇಬಿನಿಂದ ಪ್ಲಾಸ್ಟಿಕ್ ಚೀಲ ತೆಗೆದು ಮಾಸ್ಟರ ಮುಂದೆ ಹಿಡಿದಳು. ಒಳಗೆ ಕಪ್ಪು ಹಿಡಿಯ ಪುಟ್ಟ ಚಾಕು, ಅಲಗಿನ ಮೇಲೆ ಒಣಗಿದ ರಕ್ತ.

“ಇದನ್ನ ಆರಿಸಿದ್ದು ಯಾರು?” ಮಾಸ್ಟರು ಕೇಳಿದರು.

“ತಂಗಿ. ಒಂದೇ ಥರದ್ದು ಎರಡು ತಗೊಂಡಿದ್ಲು. ಅಕ್ಕನಿಗೊಂದು, ತನಗೊಂದು. ಇದು ತಂಗೀದು, ಅವಳ ಅಡುಗೆಮನೆ ಡ್ರಾಯರಲ್ಲಿ ಇರ್ತಿತ್ತಂತೆ.”

ಮಾಸ್ಟರು ಚೀಲವನ್ನು ಬೆಳಕಿಗೆ ತಿರುಗಿಸಿದರು. “ಅರ್ಧ ಬುದ್ಧಿವಂತೆ. ಮಡಚೋ ಚಾಕು ತಗೊಳ್ಳಲಿಲ್ಲ, ಒಳ್ಳೇದಾಯ್ತು. ಮೈಮೇಲೆ ಬಿದ್ದೋನ ಮುಂದೆ ಉಗುರು ಹಾಕಿ ಅಲಗು ಬಿಡಿಸ್ತಾ ಕೂತ್ರೆ, ಅಷ್ಟರಲ್ಲಿ ಅವನು ಕೆಲಸ ಮುಗಿಸಿ ಕೈ ತೊಳ್ಕೊಂಡಿರ್ತಾನೆ. ಅಲಗು ನಾಲ್ಕು ಬೆರಳಿನಷ್ಟು, ಅದೂ ಸಾಕು. ಆದ್ರೆ ಜನ ಅಲಗು ನೋಡಿ ಮರುಳಾಗ್ತಾರೆ ಮೇಡಂ. ನೋಡ್ಬೇಕಾದ್ದು ಹಿಡಿ. ಮುಷ್ಟಿ ತುಂಬಬೇಕು, ಬೆವರಿಗೆ ಜಾರಬಾರ್ದು. ಇದರಲ್ಲಿ ಹಿಡಿಗೂ ಅಲಗಿಗೂ ನಡುವೆ ತಡೆಯೇ ಇಲ್ಲ, ನೋಡಿ.”

“ಅಂಗಿ ಒಳಗೆ ಉಬ್ಬಿ ಕಾಣಬಾರ್ದು ಅಂತ ಚಪ್ಪಟೆ ಇರೋದು ತಗೊಂಡ್ಳಂತೆ.”

“ಅಲ್ಲೇ ಕೆಟ್ಟದ್ದು. ಚುಚ್ಚಿದಾಗ ಎಲುಬಿಗೆ ತಾಗಿ ಚಾಕು ನಿಲ್ಲುತ್ತೆ, ಕೈ ನಿಲ್ಲಲ್ಲ. ಸೀದಾ ಅಲಗಿನ ಮೇಲೆ ಜಾರುತ್ತೆ. ಅಭ್ಯಾಸ ಇಲ್ಲದೆ ಚುಚ್ಚಿದವರ ಬೆರಳೇ ಕುಯ್ಯುತ್ತೆ.”

“ತಂಗಿಯ ಬೆರಳು ಕುಯ್ದಿದೆ,” ಅಂದಳು ಗರಗಸ. “ನಾಲ್ಕಕ್ಕೂ ಹೊಲಿಗೆ ಬಿದ್ದಿದೆ.”

ಸಾಹೇಬರ ಕೇಸು ನಿಂತಿದ್ದೇ ಆ ನಾಲ್ಕು ಬೆರಳಿನ ಮೇಲೆ. ಚಾಕು ಅವಳದು, ಹಿಡಿಯ ಮೇಲೆ ಗುರುತು ಅವಳದು, ಗಾಯವೂ ಅವಳದೇ. ಇನ್ನೇನು ಬೇಕು? ತಂಗಿ ಮಾತ್ರ ಒಂದೇ ಮಾತು ಹೇಳುತ್ತಿದ್ದಳು: ಓಣಿಗೆ ಹೋದಾಗ ಅಕ್ಕ ಆಗಲೇ ಬಿದ್ದಿದ್ದಳು, ನಾನು ಚಾಕಿನ ಹಿಡಿ ಜಗ್ಗಿದೆ, ಬರಲಿಲ್ಲ, ಅಲಗನ್ನೇ ಹಿಡಿದು ಎಳೆದು ತೆಗೆದೆ, ತೆಗೆದರೆ ಅಕ್ಕ ಏಳುತ್ತಾಳೆ ಅನ್ನಿಸಿತು.

ತೆಗೆದರೆ ಏಳುತ್ತಾಳೆ! ಸುಳ್ಳು ಹೇಳುವವರು ಇದಕ್ಕಿಂತ ಒಳ್ಳೆಯ ಸುಳ್ಳು ಹೇಳುತ್ತಾರೆ. ಆ ಮಾತು ಕೇಳಿದಾಗಿನಿಂದ ಗರಗಸಕ್ಕೆ ಈ ಹುಡುಗಿ ಕೊಂದಿಲ್ಲ ಅನ್ನಿಸಿತ್ತು. ಆದರೆ ಅನ್ನಿಸಿತು ಅಂದರೆ ಕೋರ್ಟು ಕೇಳುತ್ತದೆಯೇ?

ಇನ್ನೊಂದು ಪ್ರಶ್ನೆಗಂತೂ ತಂಗಿ ಬಾಯೇ ಬಿಟ್ಟಿರಲಿಲ್ಲ. ಚಾಕು ಯಾಕೆ ತಗೊಂಡಿರಿ ಅಂದರೆ ಭಯ ಇತ್ತು ಅನ್ನುತ್ತಾಳೆ. ಯಾರ ಭಯ ಅಂದರೆ ನೆಲ ನೋಡುತ್ತಾಳೆ.

ತಂಗಿಯ ಗಂಡ ಮಾತ್ರ ಎರಡು ದಿನದಿಂದ ಠಾಣೆಯ ಬೆಂಚು ಬಿಟ್ಟು ಎದ್ದಿರಲಿಲ್ಲ. ಮೆತ್ತಗಿನ ಆಳು, ಪ್ರಿಂಟಿಂಗ್ ಪ್ರೆಸ್ಸಿನಲ್ಲಿ ಕೆಲಸ. ಹೆಂಡತಿಗೆ ಅಂತ ಫ್ಲಾಸ್ಕಿನಲ್ಲಿ ಕಾಫಿ, ಒಂದು ಹೊದಿಕೆ, ತಲೆನೋವಿನ ಮಾತ್ರೆ. ಕೊಲೆಯ ಹೊತ್ತಿನಲ್ಲಿ ಅವನ ಮಿಷನ್ನಿನ ಸದ್ದು ನಿಂತೇ ಇರಲಿಲ್ಲ, ಒಳಗೇ ಇದ್ದ ಎಂದು ಪ್ರೆಸ್ಸಿನವರು ಆಣೆ ಮಾಡಿ ಹೇಳಿದ್ದರು. ಚಾಕು ತೋರಿಸಿದಾಗ “ಅಯ್ಯೋ, ದೂರ ಇಡಿ ಸಾರ್, ನಂಗೆ ತಲೆ ಸುತ್ತುತ್ತೆ” ಅಂದು ಗೋಡೆ ಹಿಡಿದುಕೊಂಡಿದ್ದ. ಪಾಪ ಅಂತ ಪೇದೆಗಳೇ ಅವನಿಗೆ ತಿಂಡಿ ತರಿಸಿಕೊಟ್ಟಿದ್ದರು.

“ಇಸ್ತ್ರಿ ಅಕ್ಕನ ಚಾಕು?” ಮಾಸ್ಟರು ಕೇಳಿದರು.

“ಸೊಂಟದಲ್ಲೇ ಇತ್ತು. ಒರೆಯ ಬಟನ್ನು ಕೂಡ ಬಿಚ್ಚಿರಲಿಲ್ಲ.”

ಮಾಸ್ಟರ ಮುಖ ಕಪ್ಪಿಟ್ಟಿತು. “ಸಾಧ್ಯ ಇಲ್ಲ. ಒರೆ ಕಟ್ಟೋದು ನಾನೇ ಹೇಳಿಕೊಟ್ಟಿದ್ದು. ಹೊಟ್ಟೆ ಮುಂದೆ, ಸ್ವಲ್ಪ ಎಡಕ್ಕೆ, ಎರಡೂ ಕೈಗೆ ಎಟುಕೋ ಹಾಗೆ. ಬೆನ್ನ ಹಿಂದೆ ಕಟ್ಟಿದ್ರೆ ಗೋಡೆಗೆ ಒತ್ತಿದ ತಕ್ಷಣ ಮುಗೀತು. ಬ್ಯಾಗಲ್ಲಿ ಇಟ್ರೆ ಅದು ಚಾಕು ಅಲ್ಲ, ಬಾಚಣಿಗೆ. ಅವಳು ಕಣ್ಣು ಮುಚ್ಚಿ ತೆರೆಯೋದ್ರಲ್ಲಿ ಎಳೀತಿದ್ಲು. ಎದುರಿಗೆ ಚಾಕು ಬಂದ್ರೂ ಎಳೀಲಿಲ್ಲ ಅಂದ್ರೆ…”

“ಅಂದ್ರೆ?”

“ಎಳೆಯೋ ಅಗತ್ಯ ಬೀಳಲಿಲ್ಲ. ಎದುರಿನವನ ಚಾಕೇ ಕಸಿದುಕೊಂಡಿರ್ತಾಳೆ.”

“ಕಸಿದುಕೊಂಡವಳು ಸತ್ತದ್ದು ಹೇಗೆ?”

ಗರಗಸದ ಹತ್ತಿರ ಇನ್ನೊಂದು ಪ್ರಶ್ನೆಯಿತ್ತು, ಅದು ನಿನ್ನೆಯಿಂದ ಅವಳ ನಿದ್ದೆ ಊಟ ಎರಡನ್ನೂ ತಿಂದಿತ್ತು. ಅಲಗಿನ ಚಪ್ಪಟೆ ಮೈ ಮೇಲೆ ಸತ್ತವಳ ಬೆರಳ ಗುರುತು ಸಿಕ್ಕಿದ್ದವು. ಒಂದು ಮಗ್ಗುಲಿಗೆ ಹೆಬ್ಬೆರಳು, ಇನ್ನೊಂದಕ್ಕೆ ಎರಡು ಬೆರಳು. ಅವುಗಳ ಮೇಲೆ ರಕ್ತ ಹರಿದಿತ್ತು, ಅಂದರೆ ಗುರುತು ಮೊದಲು, ಇರಿತ ಆಮೇಲೆ. ಜೀವಕ್ಕೆ ಹೋರಾಡುವವರು ಅಲಗನ್ನು ಮುಷ್ಟಿಯಲ್ಲಿ ಹಿಡಿದು ಕೈ ಹರಿದುಕೊಳ್ಳುತ್ತಾರೆ. ಹೂವಿನ ಎಸಳು ಹಿಡಿದ ಹಾಗೆ ಯಾರು ಹಿಡಿಯುತ್ತಾರೆ?

“ಮಾಸ್ಟರೇ, ಚಾಕು ಕಸಿಯೋದು ತೋರಿಸಿ. ಅವಳಿಗೆ ಹೇಗೆ ಹೇಳಿಕೊಟ್ರೋ ಹಾಗೇ.”

ಮಾಸ್ಟರು ಮರದ ಚಾಕು ಹಿಡಿದು ನುಗ್ಗಿದರು. ಈ ಸಲ ಅವಳು ಭುಜ ನೋಡಿದಳು. ಪಕ್ಕಕ್ಕೆ ಸರಿದು, ಅವರ ಮಣಿಕಟ್ಟು ತಿರುಚಿ, ಹೇಗೋ ಏನೋ ಚಾಕು ಕಿತ್ತುಕೊಂಡಳು. ಮುಖದಲ್ಲಿ ಚಿಕ್ಕ ಮಕ್ಕಳ ಹಿಗ್ಗು ಬಂದು ಹೋಯಿತು.

“ಭೇಷ್. ಮತ್ತೊಮ್ಮೆ,” ಅಂದು ಮಾಸ್ಟರು ಅಂಗೈ ಚಾಚಿದರು.

ಅವಳು ಚಾಕನ್ನು ಹಾಗೇ ಮುಂದೆ ಹಿಡಿದಳು.

“ಹಾಗಲ್ಲ ಮೇಡಂ. ಅಲಗು ನಿಮ್ಮ ಕಡೆ, ಹಿಡಿ ನನ್ನ ಕಡೆ. ಹೆಬ್ಬೆರಳು, ಎರಡು ಬೆರಳು, ಅಷ್ಟರಲ್ಲೇ ಚಪ್ಪಟೆ ಮೈ ಹಿಡೀಬೇಕು. ಮರದ್ದಾದ್ರೂ ಶಿಸ್ತು ಶಿಸ್ತೇ. ನಮ್ಮಲ್ಲಿ ಕಸಿದ ಮೇಲೆ ಹೀಗೇ ವಾಪಸ್ ಕೊಡೋದು, ಆಗ ಜೊತೆಯವರು ಮತ್ತೆ ನುಗ್ತಾರೆ.”

ಗರಗಸ ತನ್ನ ಬೆರಳುಗಳನ್ನೇ ನೋಡಿದಳು. ಒಂದು ಮಗ್ಗುಲಿಗೆ ಹೆಬ್ಬೆರಳು, ಇನ್ನೊಂದಕ್ಕೆ ಎರಡು.

“ಒಂದು ಕ್ಲಾಸಿಗೆ ಎಷ್ಟು ಸಲ ಹೀಗೆ ಕೊಡ್ತೀರಿ?”

“ಲೆಕ್ಕ ಇಟ್ಟೋರ್ಯಾರು? ಕೈ ತಾನಾಗೇ ಮಾಡ್ಬೇಕು, ತಲೆ ಯೋಚಿಸ್ಬಾರ್ದು. ಅದೇ ನಮ್ಮ ವಿದ್ಯೆ.”

“ಹಾಗಾದ್ರೆ ಕೇಳಿ ಮಾಸ್ಟರೇ. ಓಣಿಯಲ್ಲಿ ಅವಳು ಕಸಿದಳು. ಅವನು ಅಂಗೈ ಚಾಚಿ ‘ಮತ್ತೊಮ್ಮೆ’ ಅಂದ. ಅವಳ ಕೈ ತಾನಾಗೇ ಕೊಟ್ಟಿತು. ಅವನು ತಗೊಂಡು ಇರಿದ.”

ಕೆಳಗೆ ಯಾರೋ ಟೈರಿಗೆ ಗಾಳಿ ತುಂಬುತ್ತಿದ್ದರು. ಮಾಸ್ಟರ ಕುತ್ತಿಗೆಯ ನರ ಎದ್ದು ನಿಂತಿತು.

“ಬಾಯಿಗೆ ಬಂದ ಹಾಗೆ ಮಾತಾಡ್ಬೇಡಿ! ಇಪ್ಪತ್ತು ವರ್ಷದಿಂದ ಹೇಳಿಕೊಡ್ತಿದ್ದೀನಿ. ಜೀವ ಹೋಗೋ ಹೊತ್ತಲ್ಲಿ ನನ್ನ ಶಿಷ್ಯೆ ಕೊಲ್ಲೋಕೆ ಬಂದೋನ ಕೈಗೆ ಚಾಕು ಕೊಡ್ತಾಳಾ? ಅಷ್ಟು ಮುಠ್ಠಾಳರಾ ನಾವು?”

ಆಗಲೇ ಬಾಗಿಲು ತಳ್ಳಿಕೊಂಡು ಒಬ್ಬ ಹೆಂಗಸು ಒಳಗೆ ಬಂದಳು. ಖಾಕಿ ಅಂಗಿ, ಹೆಗಲಲ್ಲಿ ಟಪಾಲಿನ ಚೀಲ. ಬೀದಿಬೀದಿಗೆ ಕಾಗದ ಹಂಚುವ ಪೋಸ್ಟಮ್ಮ, ಮಾಸ್ಟರ ಹಳೆಯ ಶಿಷ್ಯೆ. ಗರಗಸವೇ ಅವಳನ್ನು ವಿಚಾರಣೆಗೆ ಬರಹೇಳಿದ್ದಳು.

“ನಮಸ್ಕಾರ ಮಾಸ್ಟ…”

ಮಾತು ಮುಗಿಯಲಿಲ್ಲ. ಮಾಸ್ಟರು ಗರಗಸದ ಕೈಯ ಮರದ ಚಾಕು ಕಸಿದೆಸೆದು, ಸೊಂಟದಿಂದ ನಿಜವಾದದ್ದನ್ನು ಎಳೆದು, ಅವಳ ಮೇಲೆ ಹಾರಿದರು.

“ಏಯ್!” ಗರಗಸ ಕೂಗಿದಳು. ಅಷ್ಟರಲ್ಲಿ ಅಲಗು ಪೋಸ್ಟಮ್ಮನ ಮುಂಗೈ ಸೀಳಿತ್ತು. ಖಾಕಿ ತೋಳು ನೋಡನೋಡುತ್ತಲೇ ಕೆಂಪಾಯಿತು. ಚೀಲ ಬಿದ್ದು ಕಾಗದಗಳು ಚಾಪೆಯ ತುಂಬ ಚೆಲ್ಲಿದವು. ಪೋಸ್ಟಮ್ಮನ ಕಣ್ಣಲ್ಲಿ ಸಾವಿನ ಭಯವಿತ್ತು, ಅದರಲ್ಲಿ ನಾಟಕ ಒಂದಿಷ್ಟೂ ಇರಲಿಲ್ಲ. ಎರಡನೆಯ ಇರಿತ ಹೊಟ್ಟೆಗೆ ಬಂದಾಗ ಅವಳು ಪಕ್ಕಕ್ಕೆ ತಿರುಗಿದಳು. ಮೊಣಕೈ ಮಾಸ್ಟರ ಮೂಗಿಗೆ ಅಪ್ಪಳಿಸಿತು, ಎಲುಬು ಮುರಿದ ಸದ್ದು ಹಾಲಿನ ಆ ತುದಿಗೂ ಕೇಳಿಸಿತು. ಅವರ ಮಣಿಕಟ್ಟು ಗಾಣದಲ್ಲಿ ಸಿಕ್ಕಂತೆ ತಿರುಚಿಕೊಂಡಿತು.

ಚಾಕು ಈಗ ಅವಳ ಕೈಯಲ್ಲಿತ್ತು.

ಮಾಸ್ಟರು ಮಂಡಿಯೂರಿದ್ದರು. ಮೂಗಿನ ರಕ್ತ ಬಾಯಿಗೆ, ಬಾಯಿಯಿಂದ ಎದೆಗೆ. ಆ ರಕ್ತವನ್ನೇ ನುಂಗಿ, ಅವರು ಅಂಗೈ ಚಾಚಿದರು.

“ಮತ್ತೊಮ್ಮೆ.”

ಪೋಸ್ಟಮ್ಮನ ಕೈ ತಿರುಗಿತು. ಅಲಗು ತನ್ನ ಕಡೆ, ಹಿಡಿ ಅವರ ಕಡೆ. ಎರಡು ಬೆರಳು, ಒಂದು ಹೆಬ್ಬೆರಳು. ಅವಳು ಕೊಟ್ಟೇಬಿಟ್ಟಳು.

ಮಾಸ್ಟರು ತಮ್ಮ ಕೈಗೆ ಬಂದ ಚಾಕನ್ನು ನೋಡಿದರು. ಆಮೇಲೆ ಅದನ್ನು ಚಾಪೆಯ ಮೇಲಿಟ್ಟು, ದೂರಕ್ಕೆ ತಳ್ಳಿ, ಮಗುವಿನ ಹಾಗೆ ಅಳತೊಡಗಿದರು. ತಾವು ಹಾಕಿಕೊಟ್ಟ ಅಭ್ಯಾಸವೇ ತಮ್ಮ ಶಿಷ್ಯೆಯ ಕೊರಳಿಗೆ ಉರುಳಾಯಿತೆಂದು ಅವರಿಗೆ ಬೇರೆ ಯಾರೂ ಹೇಳಬೇಕಾಗಿರಲಿಲ್ಲ.

ಪೋಸ್ಟಮ್ಮನಿಗೆ ಸಿಟ್ಟು ಆಮೇಲೆ ಬಂತು. “ನಿಮಗೇನು ತಲೆ ಕೆಟ್ಟಿದೆಯಾ? ಮನೇಲಿ ಮಕ್ಕಳಿದಾವೆ ನಂಗೆ!” ಎಂದು ಕಿರುಚುತ್ತ ತನ್ನ ಬೆರಳುಗಳನ್ನೇ ನೋಡಿದಳು. “ನಾನ್ಯಾಕೆ ಕೊಟ್ಟೆ ಮೇಡಂ? ದೇವರಾಣೆ, ನಾನು ಕೊಡಬೇಕು ಅನ್ಕೊಳ್ಳಲೇ ಇಲ್ಲ.”

“ಇಸ್ತ್ರಿ ಅಕ್ಕನೂ ಅನ್ಕೊಂಡಿರಲಿಲ್ಲ,” ಅಂದಳು ಗರಗಸ.

ಅವಳು ತನ್ನ ಕರ್ಚೀಫು ಹರಿದು ಪೋಸ್ಟಮ್ಮನ ಮುಂಗೈಗೆ ಬಿಗಿದಳು. ಕೈ ಕಟ್ಟು ಹಾಕುತ್ತಿತ್ತು, ತಲೆ ಬೇರೆಲ್ಲೋ ಓಡುತ್ತಿತ್ತು.

“ಮಾಸ್ಟರೇ, ತಂಗಿ ಯಾವತ್ತಾದ್ರೂ ಈ ಹಾಲಿಗೆ ಬಂದಿದ್ಲಾ?”

ಮಾಸ್ಟರು ಮೂಗು ಒತ್ತಿಕೊಂಡೇ ತಲೆಯಾಡಿಸಿದರು. “ಇಲ್ಲ. ಅಕ್ಕ ಎಷ್ಟೋ ಸಲ ಕರೆದ್ಲಂತೆ. ಮನೇಲಿ ಬಿಡಲ್ಲ ಅಂದ್ಲಂತೆ.”

ಸಾಕು. ‘ಮತ್ತೊಮ್ಮೆ’ ಅಂದರೆ ಚಾಕು ತಿರುಗಿ ಬರುತ್ತದೆ ಎಂಬ ಗುಟ್ಟು ಈ ಚಾಪೆ ತುಳಿದವರಿಗೆ ಮಾತ್ರ ಗೊತ್ತು. ಇಸ್ತ್ರಿ ಅಕ್ಕನ ಕೈಯಿಂದ ಚಾಕು ಇಸಿದುಕೊಂಡದ್ದು ತಂಗಿಯಲ್ಲ. ಗರಗಸ ಗಡಿಯಾರ ನೋಡಿದಳು, ವ್ಯಾನು ಬರುವ ಹೊತ್ತಾಗಿತ್ತು. ಮಿಕ್ಕದ್ದನ್ನೆಲ್ಲ ಆಮೇಲೆ ಕೇಳಿದರಾಯಿತು, ವ್ಯಾನು ಆ ಹುಡುಗಿಯನ್ನು ನುಂಗುವ ಮೊದಲು ಬಾಗಿಲು ತೆಗೆಸಬೇಕು. ಆತುರಗಾರನಿಗೆ ಬುದ್ಧಿ ಮಟ್ಟ ಎಂದು ದೊಡ್ಡವರು ಸುಮ್ಮನೆ ಹೇಳಿದ್ದಲ್ಲ. ಆದರೆ ಆ ಗಳಿಗೆಯಲ್ಲಿ ಗಾದೆ ಯಾರಿಗೆ ನೆನಪಾಗುತ್ತದೆ?

ಅವಳು ಠಾಣೆಗೆ ಫೋನು ಹಚ್ಚಿದಳು. ಸಾಹೇಬರು ಗುರುಗುಟ್ಟಿದರು, ಬೈದರು, ವ್ಯಾನು ಗೇಟಲ್ಲೇ ನಿಂತಿದೆ ಅಂದರು. ಅವಳು ಬೆರಳ ಗುರುತಿನ ಕಥೆಯನ್ನು ಹಿಂದಕ್ಕೂ ಮುಂದಕ್ಕೂ ಎಳೆದಳು. ಕೊನೆಗೆ ಸಾಹೇಬರು ಸೋತು, “ಬಿಡ್ತೀನಿ ಕಣಮ್ಮ. ಹೆಚ್ಚುಕಮ್ಮಿ ಆದ್ರೆ ನಿನ್ನ ತಲೆ ಮೇಲೆ. ಯಾರ ವಶಕ್ಕೆ ಕೊಡ್ಲಿ?” ಅಂದರು.

“ಗಂಡ ಬೆಂಚಿನ ಮೇಲೇ ಕೂತಿದಾನಲ್ಲ ಸಾರ್. ಅವನ ಜೊತೆ ಮನೆಗೆ ಕಳಿಸಿ. ಮಲಗಲಿ ಪಾಪ.”

ಫೋನಿಟ್ಟಾಗ ಅವಳಿಗೆ ಎರಡು ದಿನದ ಭಾರ ಇಳಿದಂತಾಯಿತು. ಚೆಲ್ಲಿದ ಕಾಗದಗಳನ್ನು ತಾನೇ ಕೂತು ಆರಿಸತೊಡಗಿದಳು. ಒಂದೆರಡಕ್ಕೆ ರಕ್ತ ಹತ್ತಿತ್ತು.

“ಈಗ ಹೇಳಿ ಪೋಸ್ಟಮ್ಮ. ಇಲ್ಲಿ ಇಸ್ತ್ರಿ ಅಕ್ಕನ ಜೊತೆ ಜಾಸ್ತಿ ಅಭ್ಯಾಸ ಮಾಡ್ತಿದ್ದೋರು ಯಾರು?”

“ಇಲ್ಲಿ ಯಾರೂ ಹೆಸರು ಹೇಳಲ್ಲ ಮೇಡಂ, ಅದು ಮಾಸ್ಟರ ನಿಯಮ. ನಿಲ್ಲೋ ಜಾಗದ ಮೇಲೆ ಕರೀತೀವಿ. ನಾನು ಬಾಗಿಲೋಳು. ಅವಳು ಗಡಿಯಾರದೋಳು. ಅವಳ ಜೊತೆ ಯಾವಾಗ್ಲೂ ಕಿಟಕಿಯೋನು.”

“ಯಾವಾಗ್ಲೂ ಒಬ್ಬನೇ?”

“ಒಬ್ಬನೇ. ಅವಳು ಸೇರಿದ ಸ್ವಲ್ಪ ದಿನಕ್ಕೇ ಅವನೂ ಬಂದ. ಅವನನ್ನ ಕಂಡ ದಿನ ಅವಳ ಮುಖ ಬಿಳಿಚಿಕೊಂಡಿತ್ತು. ಆಮೇಲೆ ತಾನೇ ಹೋಗಿ ಅವನ ಎದುರು ನಿಂತ್ಲು. ನಾನು ಕೇಳಿದೆ, ಯಾಕೆ ಮಾರಾಯ್ತಿ, ಹೆದರಿಕೆ ಅಂತೀಯ, ಅವನ ಜೊತೇನೇ ಆಡ್ತೀಯ ಅಂತ. ‘ಅವನ ಕೈ ಹೇಗೆ ಓಡುತ್ತೆ ಅಂತ ನಾನು ಕಲೀಬೇಕು’ ಅಂದ್ಲು.”

ಗರಗಸದ ಕೈಯಲ್ಲಿ ಕಾಗದಗಳು ಹಾಗೇ ನಿಂತವು. ಅವಳು ಅವನ ಕೈ ಕಲಿಯುತ್ತಿದ್ದಳು. ಅವನು ಅವಳ ಕೈ ಕಲಿಯುತ್ತಿದ್ದ.

“ಅವನು ಯಾರು ಅಂತ ನಿಮಗೆ ಗೊತ್ತಾ?”

“ನಂಗೆ ಗೊತ್ತಿಲ್ಲದ ಮನೆ ಈ ಊರಲ್ಲಿ ಯಾವುದಿದೆ ಮೇಡಂ? ಟಪಾಲು ಕೊಡೋಕೆ ಹೋಗ್ತೀನಲ್ಲ. ಉಗುರಿನ ಸಂದಿಯಲ್ಲಿ ಯಾವಾಗ್ಲೂ ಕರಿ ಶಾಯಿ. ಪ್ರೆಸ್ಸಿನಲ್ಲಿ ಕೆಲಸ.” ಪೋಸ್ಟಮ್ಮ ದನಿ ತಗ್ಗಿಸಿದಳು. “ಅವಳ ತಂಗಿ ಗಂಡಾನೇ.”

ಗರಗಸ ಎದ್ದದ್ದು ಅವಳಿಗೇ ಗೊತ್ತಾಗಲಿಲ್ಲ. ಯಾರ ಭಯ ಅಂದರೆ ನೆಲ ನೋಡುತ್ತಿದ್ದಳಲ್ಲ ಆ ಹುಡುಗಿ! ಬೆಂಚಿನ ಮೇಲೆ, ಹತ್ತು ಹೆಜ್ಜೆ ದೂರದಲ್ಲಿ, ಫ್ಲಾಸ್ಕು ಹಿಡಿದು ಅವನು ಕೂತಿರುವಾಗ ಅವಳು ಬೇರೆಲ್ಲಿ ನೋಡಬೇಕಿತ್ತು? ಪ್ರೆಸ್ಸಿನವರು ಕೇಳಿದ್ದೂ ಮಿಷನ್ನಿನ ಸದ್ದನ್ನು, ಅವನನ್ನು ಕಣ್ಣಾರೆ ಕಂಡವರು ಯಾರು?

ಮೆಟ್ಟಿಲಿಳಿಯುತ್ತಲೇ ಫೋನು ಹಚ್ಚಿದಳು. ಎತ್ತಿದ್ದು ಲಾಕಪ್ಪಿನ ಕಾವಲಿಗಿದ್ದ ಮುದಿ ಪೇದೆ.

“ಬಿಡಬೇಡಿ! ಅವಳನ್ನ ಹೊರಗೆ ಬಿಡಬೇಡಿ!”

“ಆಗ್ಲೇ ಹೋದ್ರಲ್ಲ ಮೇಡಂ. ಗಂಡ ಬಂದು ಕರ್ಕೊಂಡು ಹೋದ.”

“ಯಾವ ಕಡೆ? ಮನೆ ಕಡೆಗಾ?”

“ಮನೆ ಎಡಕ್ಕಲ್ವಾ, ಬಲಕ್ಕೆ ತಿರುಗಿದ್ರು. ಇವತ್ತು ಪ್ರೆಸ್ಸು ರಜಾ, ಅಲ್ಲಿ ಸ್ವಲ್ಪ ಕೆಲಸ ಇದೆ, ಮುಗಿಸ್ಕೊಂಡು ಹೋಗ್ತೀವಿ ಅಂದ.”

ಮುಚ್ಚಿದ ಪ್ರೆಸ್ಸು. ಗರಗಸ ಬೈಕಿನ ಕೀಲಿ ಹುಡುಕುತ್ತಿದ್ದಳು. ಪೇದೆ ನಗುತ್ತ ಇನ್ನೂ ಮಾತಾಡುತ್ತಲೇ ಇದ್ದ.

“ಹುಚ್ಚು ಹುಡುಗಿ ಮೇಡಂ ಅದು. ಬಿಡುಗಡೆ ಆಯ್ತು ಹೋಗಮ್ಮ ಅಂದ್ರೆ, ಜೈಲಿಗೇ ಕಳಿಸಿ, ಇವನ ಜೊತೆ ಕಳಿಸಬೇಡಿ ಅಂತ ಕಂಬಿ ಹಿಡ್ಕೊಂಡು ನಿಂತಳು. ಹೊಲಿಗೆ ಹಾಕಿದ ಬೆರಳಲ್ಲಿ ರಕ್ತ ಬಂದ್ರೂ ಬಿಡ್ಲಿಲ್ಲ. ಕೊನೆಗೆ ನಾವೇ ಇಬ್ಬರು ಸೇರಿ ಒಂದೊಂದೇ ಬೆರಳು ಬಿಡಿಸಿ, ಅವನ ಕೈಗೆ ಕೊಟ್ವಿ.”